ಸಹಿಯ ಮೇಲಿನ ಖಾಲಿ ಜಾಗ

ಗಂಗಾಮಣಿಗೆ ಸಿಟ್ಟು ಬಂದರೆ ಎಸ್ಟೇಟಿನ ನಾಯಿಗಳೂ ದಾರಿ ಬಿಡುತ್ತಿದ್ದವು. ಯಸಳೂರಿನ ಆಚೆಗಿದ್ದ ಆ ಕಾಫಿ ಎಸ್ಟೇಟಿನಲ್ಲಿ ಅವಳು ಹನ್ನೊಂದು ವರ್ಷದಿಂದ ರೈಟರ್. ಬೆಳಗ್ಗೆ ಆಳುಗಳ ಹಾಜರಿ ಬರೆಯುವುದು, ಯಾರು ಯಾವ ಬ್ಲಾಕಿಗೆ ಹೋಗಬೇಕೆಂದು ಹೇಳುವುದು, ಸಂಜೆ ಕೊಯ್ದ ಹಣ್ಣನ್ನು ಅಳೆಯುವುದು ಅವಳ ಕೆಲಸ. ಹೆಂಗಸು ರೈಟರ್ ಆದಳೇ ಎಂದು ಮೊದಲು ಮೂಗು ಮುರಿದವರೆಲ್ಲ ಈಗ ಅವಳ ಮುಂದೆ ಚೀಲ ಇಳಿಸಿ ಕೈ ಕಟ್ಟಿ ನಿಲ್ಲುತ್ತಿದ್ದರು. ಗಂಗಾಮಣಿ ಚೀಲದ ಬಾಯಿ ನೋಡುವವಳಲ್ಲ. ಮೊಣಕೈವರೆಗೂ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದು ನೋಡುವವಳು. ಮೇಲೆ ಕೆಂಪು ಹಣ್ಣು ಹರಡಿ ಕೆಳಗೆ ಹಸಿರು ಕಾಯಿ ತುಂಬುವ ಜಾಣತನ ಅವಳ ಹತ್ತಿರ ನಡೆಯುತ್ತಿರಲಿಲ್ಲ. ಚೀಲದ ತಳ ನೋಡದೆ ಯಾರ ಹೆಸರಿನ ಮುಂದೆಯೂ ಅವಳು ಗೆರೆ ಎಳೆದದ್ದಿಲ್ಲ.

ಇಂಥ ಹೆಂಗಸು ಎರಡು ವರ್ಷ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದಳು ಎಂದರೆ ಯಾರೂ ನಂಬುವುದಿಲ್ಲ. ಆದರೆ ಹಾಕಿದ್ದಳು. ಎಂಟು ಸಲ ಹಾಕಿದ್ದಳು.

ಅದಕ್ಕೆ ಕಾರಣ ಅವಳ ತಮ್ಮ ಶಿವಯ್ಯ. ಮೂವತ್ತನಾಲ್ಕು ವರ್ಷದ ಗಂಡಸು, ಬುದ್ಧಿ ಮಾತ್ರ ಆರೇಳು ವರ್ಷದ ಹುಡುಗನದು. ಜೊತೆಗೆ ಆಗಾಗ ಪಿಟ್ಸ್, ಮೂರ್ಛೆರೋಗ, ಬರುತ್ತಿತ್ತು. ಅವ್ವ ಇರುವವರೆಗೂ ಅವಳ ಸೆರಗಿನಲ್ಲೇ ಬೆಳೆದ. ಅವ್ವ ಹೋದ ಮೇಲೆ ಗಂಗಾಮಣಿ ಹಾಜರಿ ಬರೆಯಲು ಹೋದರೆ ಅವನನ್ನು ನೋಡುವವರಿರಲಿಲ್ಲ. ಕುಂದೂರಿನ ಹತ್ತಿರ ಇಂಥವರಿಗೆಂದೇ 'ತಣ್ಣೆಳಲು' ಎಂಬ ವಸತಿ ನಿಲಯವಿದೆ ಎಂದು ಯಾರೋ ಹೇಳಿದರು. ಹೋಗಿ ನೋಡಿದಳು. ಗೋಡೆಗೆ ಹಸಿರು ಬಣ್ಣ, ಅಂಗಳದಲ್ಲಿ ದಾಸವಾಳ, ಇಪ್ಪತ್ತೆರಡು ಮಂಚ. "ಇಲ್ಲಿ ಇರ್ತೀಯೇನೋ ಶಿವಯ್ಯ?" ಎಂದು ಕೇಳಿದಳು. "ಹೂಂ" ಎಂದ. ಅವಳ ಎದೆಯ ಮೇಲಿದ್ದ ಚಪ್ಪಡಿ ಸರಿದಂತಾಯಿತು. ಬಿಟ್ಟು ಬಂದಳು.

ಆ ಹೂಂ ಎಂಥದ್ದೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಳಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ಚಿಕ್ಕವನಿದ್ದಾಗ ಶಾಲೆಯಲ್ಲಿ 'ಇಲ್ಲ' ಎಂದಾಗಲೆಲ್ಲ ಏಟು ತಿಂದು, 'ಹೂಂ' ಎಂದರೆ ಜನ ಸುಮ್ಮನಾಗುತ್ತಾರೆ ಎಂಬುದನ್ನು ಶಿವಯ್ಯ ಕಲಿತಿದ್ದ. ಅವನು ಶಾಲೆಯಲ್ಲಿ ಕಲಿತ ವಿದ್ಯೆ ಅದೊಂದೇ. ಊಟ ಆಯ್ತಾ ಎಂದರೂ ಹೂಂ, ಹಸಿವಾ ಎಂದರೂ ಹೂಂ. ಅದಕ್ಕೇ ಅವ್ವ ಅವನನ್ನು ಎಂದೂ ಬಾಯಿ ಮಾತಿನಲ್ಲಿ ಕೇಳುತ್ತಿರಲಿಲ್ಲ. ಎರಡು ಕೈಯನ್ನೂ ಅವನ ಮುಂದೆ ಚಾಚುತ್ತಿದ್ದಳು. ಒಂದರಲ್ಲಿ ಕಡುಬು, ಒಂದರಲ್ಲಿ ರೊಟ್ಟಿ. ಒಂದರಲ್ಲಿ ಕಂಬಳಿ, ಒಂದರಲ್ಲಿ ಚಪ್ಪಲಿ. ಅಂದರೆ ಮಲಗುತ್ತೀಯೋ, ಆಚೆ ಹೋಗುತ್ತೀಯೋ ಎಂದು. ಶಿವಯ್ಯ ಎರಡನ್ನೂ ನಿಧಾನವಾಗಿ ನೋಡಿ ಬೇಕಾದದ್ದನ್ನು ಮುಟ್ಟುತ್ತಿದ್ದ. "ಅವನ ಬಾಯಿಗೆ ಹೂಂ ಅನ್ನಾದು ಅಭ್ಯಾಸ ಆಗೋಗೈತೆ ಕಣೇ. ಕೈಗೆ ಸುಳ್ಳು ಬರಕ್ಕಿಲ್ಲ," ಎನ್ನುತ್ತಿದ್ದಳು ಅವ್ವ.

ಗಂಗಾಮಣಿ ಅವತ್ತು ಕೈ ಚಾಚಲಿಲ್ಲ. ಅವನು ಏನನ್ನು ಮುಟ್ಟುತ್ತಾನೋ ಎಂಬ ಭಯವಿತ್ತು.

ತಣ್ಣೆಳಲಿನಲ್ಲಿ ಇರುವವರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳಲು ಒಂದು ಸಮಿತಿಯಿತ್ತು. ನೈತಿಕ ಮೇಲ್ವಿಚಾರಣಾ ಸಮಿತಿ ಎಂದು ಅದಕ್ಕೆ ಬಾಯಿ ತುಂಬುವ ಹೆಸರು. ಅಧ್ಯಕ್ಷರು ಯೋಗಾನಂದ ಗೌಡರು. ನಿಲಯಕ್ಕೆ ಜಾಗ ಕೊಟ್ಟ ಪುಣ್ಯಾತ್ಮರು, ನಿಲಯದ ಬೇಲಿಯಾಚೆಗೆ ಶುರುವಾಗುವ ನೂರೈವತ್ತು ಎಕರೆ ಕಾಫಿ ಮೆಣಸಿನ ಎಸ್ಟೇಟಿನ ಮಾಲೀಕರು. ಆಲೂರಿನ ವಕೀಲ ತೋಟಪ್ಪ ಒಬ್ಬ ಸದಸ್ಯ. ಇನ್ನೊಬ್ಬರು ಡಾಕ್ಟರು, ಅವರು ಸಭೆಗೆ ಬಂದದ್ದೇ ಇಲ್ಲ, ಪುಸ್ತಕವೇ ಅವರ ಕ್ಲಿನಿಕ್ಕಿಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿತ್ತು. ನಿವಾಸಿಗಳ ಮನೆಯವರ ಪರವಾಗಿ ಒಬ್ಬರು ಬೇಕಲ್ಲ, ಓದು ಬರಹ ಬಲ್ಲವಳು ಎಂದು ಗಂಗಾಮಣಿಯನ್ನು ಹಾಕಿಕೊಂಡರು. ದೊಡ್ಡವರ ಪಕ್ಕ ಕುರ್ಚಿ ಸಿಕ್ಕಿತಲ್ಲ, ಅವಳಿಗೂ ಒಳಗೊಳಗೇ ಹಿಗ್ಗಾಗಿತ್ತು. ಸುಳ್ಳೇಕೆ ಹೇಳಬೇಕು.

ಮೂರು ತಿಂಗಳಿಗೊಮ್ಮೆ ಗೌಡರ ಬಂಗಲೆಯ ಜಗುಲಿಯಲ್ಲಿ ಸಭೆ. ಹೋದ ಕೂಡಲೇ ಮೇಜಿನ ಮೇಲೆ ನಡಾವಳಿ ಪುಸ್ತಕ ಬಿಚ್ಚಿಟ್ಟಿರುತ್ತಿತ್ತು. ಹೊಸ ಪುಟದ ತಳದಲ್ಲಿ ಎಲ್ಲರ ಹೆಸರು. ಅದರ ಎದುರು ಸಹಿ ಹಾಕುವುದು, ಆಮೇಲೆ ತಿಂಡಿ. ಸಹಿಯ ಮೇಲೆ ಮುಕ್ಕಾಲು ಪುಟ ಖಾಲಿ. ಅದನ್ನು ಆಮೇಲೆ ನಿಲಯದ ಮ್ಯಾನೇಜರ್ ಬಸವರಾಜು ಮುದ್ದಾದ ಅಕ್ಷರದಲ್ಲಿ ತುಂಬುತ್ತಿದ್ದ. ತಿಂಡಿಯ ನಂತರ ಒಗೆದ ಅಂಗಿ ತೊಡಿಸಿದ ಐದಾರು ನಿವಾಸಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. "ಎಲ್ಲಾ ಚೆನ್ನಾಗಿದೀರಾ?" ಎಂದು ಗೌಡರು ಕೇಳುವುದು. ಶಿವಯ್ಯ ಎಲ್ಲರಿಗಿಂತ ಮೊದಲು "ಹೂಂ" ಎನ್ನುವುದು. ಸಮಿತಿ ಕೋಲೆಬಸವನ ಹಾಗೆ ತಲೆಯಾಡಿಸುವುದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಅವರ ನಡುವೆ ಗಂಗಾಮಣಿಯದೂ ಒಂದು ತಲೆ.

ಆ ಸಲದ ಸಭೆ ಬಿದ್ದದ್ದು ಫೆಬ್ರುವರಿ ಕೊನೆಯಲ್ಲಿ, ಗಂಗಾಮಣಿಯ ಎಸ್ಟೇಟಿಗೆ ವಾರದ ರಜೆಯಿರುವ ದಿನ. ಯಾವಾಗಲೂ ಅರ್ಧ ದಿನ ರಜೆ ಹಾಕಿ ಹನ್ನೊಂದರ ಹೊತ್ತಿಗೆ ತಲುಪುವವಳು ಅವತ್ತು ಮೊದಲ ಬಸ್ಸಿಗೇ ಹೊರಟಳು. ಶಿವಯ್ಯನಿಗೆಂದು ಡಬ್ಬಿಯಲ್ಲಿ ಐದು ಕಡುಬು ಹಾಕಿಕೊಂಡಳು. ಸಕಲೇಶಪುರದಲ್ಲಿ ಬಸ್ಸು ಬದಲಿಸಿ ಗೌಡರ ಎಸ್ಟೇಟಿನ ಹಿಂದಿನ ಗೇಟಿನ ಹತ್ತಿರ ಇಳಿದಾಗ ಎಂಟೂವರೆ. ತೋಟದೊಳಗೇ ಹಾದು ಹೋದರೆ ಬಂಗಲೆ ಹತ್ತಿರ.

ಮೆಣಸು ಕೊಯ್ಲಿನ ಕಾಲ. ಆದರೆ ತೋಟದಲ್ಲಿ ಆಳುಗಳ ಮಾತಿಲ್ಲ, ನಗುವಿಲ್ಲ, ಮೊಬೈಲಿನ ಹಾಡಿಲ್ಲ. ಗಂಗಾಮಣಿಗೆ ಅದೇ ವಿಚಿತ್ರವೆನಿಸಿತು. ಮೆಣಸಿಗೆ ಏಣಿ ಹತ್ತುವ ಆಳುಗಳು ಎಲ್ಲೂ ಸಿಗುತ್ತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೋದ ವರ್ಷ ಪಕ್ಕದ ಎಸ್ಟೇಟಿನಲ್ಲಿ ಒಬ್ಬ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹತ್ತುವವರೂ ಹತ್ತುವುದನ್ನು ಬಿಟ್ಟಿದ್ದರು. ಹಾಗಿದ್ದರೂ ಇಲ್ಲಿ ಅರ್ಧ ಬ್ಲಾಕು ಕೊಯ್ದು ಮುಗಿದಿತ್ತು.

ತಿರುವು ದಾಟಿದರೆ ಒಂದು ಸಿಲ್ವರ್ ಓಕ್ ಮರದ ಬುಡದಲ್ಲಿ ಮಂಜುಶ್ರೀ ಏಣಿ ಹಿಡಿದು ನಿಂತಿದ್ದಳು. ತಣ್ಣೆಳಲಿನಲ್ಲಿ ಇರುವವರನ್ನು ನೋಡಿಕೊಳ್ಳುವ ಹುಡುಗಿ ಅವಳು. ಏಣಿ ಎಂದರೆ ಒಂದೇ ಬಿದಿರು, ಗೆಣ್ಣಿನ ಹತ್ತಿರ ಕಾಲಿಡಲು ಗೇಣುದ್ದದ ಕವಲು ಬಿಟ್ಟು ಕಡಿದದ್ದು. ಗಂಗಾಮಣಿ ಕಣ್ಣೆತ್ತಿದಳು. ಇಪ್ಪತ್ತಡಿ ಮೇಲೆ, ಮೆಣಸಿನ ಬಳ್ಳಿಗೆ ಮುಖ ಒತ್ತಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಶಿವಯ್ಯ ನಿಂತಿದ್ದ. ಒಂದು ಕೈ ಬಳ್ಳಿಯನ್ನು ಅವುಚಿ ಹಿಡಿದಿತ್ತು. ಇನ್ನೊಂದು ಗೊಂಚಲು ಕೀಳುತ್ತಿತ್ತು.

ಕೂಗಲು ಬಾಯಿ ತೆರೆದವಳನ್ನು ಮಂಜುಶ್ರೀಯೇ ತಡೆದಳು.

"ಕೂಗ್ಬೇಡಿ ಅಕ್ಕ. ಮೊನ್ನೆ ಯಾರೋ ಕೂಗಿದ್ದಕ್ಕೆ ಬೆಚ್ಚಿ ಕೈ ಬುಟ್ಬುಟ್ಟ. ಹಗ್ಗ ಇತ್ತು, ಉಳ್ಕಂಡ."

"ಎಷ್ಟ್ ದಿನದಿಂದ?"

"ಹದಿನೈದು ದಿನ ಆಯ್ತು. ಶಿವಯ್ಯಂಗೆ ಪಿಟ್ಸ್ ಬತ್ತದೆ ಸಾರ್, ಬ್ಯಾಡ ಅಂದೆ. ಸಮಿತಿಯೇ ಒಪ್ಪೈತೆ, ನಿಂದೇನು ಅಂದ್ರು ಬಸವರಾಜು ಸಾರ್. ಪುಸ್ತಕ ಬಿಚ್ಚಿ ನಿಮ್ ಸಹಿ ತೋರಿಸಿದ್ರು." ಮಂಜುಶ್ರೀ ಅವಳ ಮುಖ ನೋಡಲಿಲ್ಲ. "ಹೋದ್ ಮಂಗಳವಾರ ಬಂದೇಬಿಡ್ತು ಅಕ್ಕ. ಪುಣ್ಯಕ್ಕೆ ಇಳಿದು ಊಟಕ್ಕೆ ಕೂತಿದ್ದ. ಹಣೆ ಒಡೀತು. ಬಚ್ಚಲಲ್ಲಿ ಜಾರಿದ ಅಂತ ಬರಿ ಅಂದ್ರು. ಬರ್ದೆ."

ಗಂಗಾಮಣಿ ಮತ್ತೆ ಮೇಲೆ ನೋಡಿದಳು. ಇಳಿಯುತ್ತೀಯಾ ಎಂದು ಕೇಳಿದರೆ ಹೂಂ ಎಂದು ಅಲ್ಲೇ ನಿಲ್ಲುತ್ತಾನೆ. ಗದರಿದರೆ ಗಾಬರಿಯಾಗಿ ಕಾಲು ತಪ್ಪುತ್ತಾನೆ. ಅವಳು ಡಬ್ಬಿ ತೆರೆದು ಒಂದು ಕಡುಬು ತೆಗೆದಳು. ನೆಲದಲ್ಲಿ ಬಿದ್ದಿದ್ದ ಒಂದು ಮೆಣಸಿನ ಗೊಂಚಲು ಹೆಕ್ಕಿಕೊಂಡಳು. ಅವನಿಗೆ ಕಾಣುವಷ್ಟು ಹಿಂದಕ್ಕೆ ಸರಿದು ಎರಡು ಕೈಯನ್ನೂ ಮೇಲಕ್ಕೆ ಚಾಚಿ ನಿಂತಳು. ಅವ್ವ ಸತ್ತ ಮೇಲೆ ಅವನ ಮುಂದೆ ಹಾಗೆ ಕೈ ಚಾಚಿದವರು ಯಾರೂ ಇರಲಿಲ್ಲ.

ಬಹಳ ಹೊತ್ತಾಯಿತು. ತೋಳು ನೋಯತೊಡಗಿದವು. ಶಿವಯ್ಯ ಬಳ್ಳಿಯಿಂದ ಮುಖ ತೆಗೆದು ಕೆಳಗೆ ನೋಡಿದ. ಈ ಕೈ ನೋಡಿದ, ಆ ಕೈ ನೋಡಿದ. ಮರಕ್ಕೆ ಬಿಗಿದಿದ್ದ ಗಂಟನ್ನು ತಾನೇ ಬಿಚ್ಚಿ ಒಂದೊಂದೇ ಗೆಣ್ಣು ಇಳಿದು ಬಂದ. ಬಂದವನು ಕಡುಬನ್ನು ಮುಟ್ಟಿದ.

ನಾಲ್ಕು ಕಡುಬು ತಿಂದು, ಐದನೆಯದನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ. ಅಂಗಿಯೆತ್ತಿ ನೋಡಿದರೆ ಸೊಂಟದ ಸುತ್ತ ಹಗ್ಗ ಉಜ್ಜಿದ ಗಾಯ, ಹಳೆಯದರ ಮೇಲೆ ಹೊಸದು. ಉಗುರೆಲ್ಲ ಮೆಣಸಿನ ಕಪ್ಪು. ಹಣೆಯ ಮೇಲೆ ಒಣಗಿದ ಹೊಲಿಗೆ. ಮಂಜುಶ್ರೀ ಹಗ್ಗ ಬಿಚ್ಚಲು ಬಂದಳು.

"ಬಿಚ್ಬೇಡ," ಎಂದಳು ಗಂಗಾಮಣಿ. "ಹಿಂಗೇ ಬರ್ಲಿ. ನೋಡ್ಲಿ ಅವ್ರು. ಇನ್ಯಾರಾದ್ರೂ ಅವ್ರಾ ಮೇಲೆ?"

"ಕೆಳಗಿನ ಬ್ಲಾಕಲ್ಲಿ ನಮ್ ನಿಲಯದ ನವೀನ್‌ಕುಮಾರ್ ಅವ್ನೆ. ನಾನ್ ಹೇಳಿದ್ರೆ ಇಳಿಯಕ್ಕಿಲ್ಲ ಅಕ್ಕ. ಚೀಲ ತುಂಬದೆ ಇಳಿದ್ರೆ ಟಿ.ವಿ. ಹಾಕಕ್ಕಿಲ್ಲ ಅಂದವ್ರೆ ಬಸವರಾಜು ಸಾರು. ಅವ್ರೇ ಬಂದು ಹೇಳ್ಬೇಕು."

"ನೀನು ಹೋಗಿ ಅವನ ಏಣಿ ಹಿಡ್ಕೊ. ನಾನು ಅವ್ರನ್ನ ಕಳಿಸ್ತೀನಿ."

ಬಂಗಲೆಯ ಜಗುಲಿಯಲ್ಲಿ ಪುಸ್ತಕ ಬಿಚ್ಚಿಟ್ಟಿತ್ತು. ಯೋಗಾನಂದ ಗೌಡರು, ತೋಟಪ್ಪ ವಕೀಲರು, ಬಸವರಾಜು ಮೂವರೂ ಸಹಿ ಹಾಕಿ ಇಡ್ಲಿಗೆ ಕೈ ಹಾಕಿದ್ದರು. ಡಾಕ್ಟರ ಸಹಿ ನಿನ್ನೆಯೇ ಬಂದಿತ್ತು. ಸೊಂಟದಲ್ಲಿ ಹಗ್ಗ, ಹೆಗಲಲ್ಲಿ ಮೆಣಸಿನ ಚೀಲ ತೂಗಿಸಿಕೊಂಡು ಬಂದ ಶಿವಯ್ಯನನ್ನು ಕಂಡು ಬಸವರಾಜುವಿನ ಕೈಯಲ್ಲಿದ್ದ ಇಡ್ಲಿ ಚಟ್ನಿಗೆ ಬಿತ್ತು. ಗೌಡರು ಮಾತ್ರ ಅಲುಗಲಿಲ್ಲ.

"ಬನ್ನಿ ಗಂಗಾಮಣಿ, ಬೇಗ ಬಂದ್ಬಿಟ್ರಿ. ಸಹಿ ಹಾಕಿ, ತಿಂಡಿ ಆರೋಗ್ತೈತೆ."

"ಮೊದ್ಲು ಕೆಳಗಿನ ಬ್ಲಾಕಿಗೆ ಹೋಗಿ ನವೀನ್‌ಕುಮಾರ್‌ನ ಇಳಿಸಿ ಬಸವರಾಜು. ಆಮೇಲೆ ತಿಂಡಿ."

"ಕೂತ್ಕೊಳ್ಳಿ ಮೇಡಂ, ಸಮಾಧಾನ. ಏನೋ ಇವತ್ತೊಂದಿನ ಆಸೆಪಟ್ಟು ಹತ್ತವ್ರೆ..." ಎಂದ ಬಸವರಾಜು.

"ಶಿವಯ್ಯ, ದಿನಾ ಹತ್ತುಸ್ತಾರೇನೋ ನಿನ್ನ?"

"ಹೂಂ."

ಬಸವರಾಜು ನಕ್ಕ. ಬಚಾವಾದವನ ನಗು. "ನೋಡಿ ಮೇಡಂ, ಅವನ ಮಾತು ಹಿಡ್ಕಂಡು ನೀವು ಜಗಳಕ್ಕೆ ಬಂದ್ರೆ ಹೆಂಗೆ? ಅವನು ಎಲ್ಲಕ್ಕೂ ಹೂಂ ಅಂತಾನೆ. ಆನೆ ಮೇಲೆ ಕೂತಿದ್ಯಾ ಅಂದ್ರೂ ಹೂಂ. ಅವನ ಹೂಂಗೆ ಬೆಲೆ ಐತಾ?"

ಗಂಗಾಮಣಿ ಕಡುಬಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಪುಸ್ತಕ ಎತ್ತಿಕೊಂಡಳು. ಎರಡು ವರ್ಷದಲ್ಲಿ ಮೊದಲ ಸಲ ಹಿಂದಿನ ಹಾಳೆ ತಿರುಗಿಸಿದಳು. ನವೆಂಬರಿನ ಸಭೆಯ ಪುಟ. ಹಾಜರಿ ಕರೆಯುವ ದನಿಯಲ್ಲಿ, ಒಂದೊಂದೇ ಪದವನ್ನು ನಿಲ್ಲಿಸಿ ನಿಲ್ಲಿಸಿ ಓದಿದಳು.

"ನಿವಾಸಿಗಳನ್ನು ನೆರೆಯ ತೋಟದಲ್ಲಿ ಮೆಣಸು ಕೊಯ್ಲು ಸೇರಿದಂತೆ ಹೊರಾಂಗಣ ಉದ್ಯೋಗ ಚಿಕಿತ್ಸೆಯಲ್ಲಿ ತೊಡಗಿಸಲು ತೀರ್ಮಾನಿಸಲಾಯಿತು. ನಿವಾಸಿಗಳ ಮೌಖಿಕ ಒಪ್ಪಿಗೆ ಪಡೆಯಲಾಗಿದೆ. ನಿವಾಸಿ ಶಿವಯ್ಯ ಅವರು ಹೂಂ ಎಂದು ಸಂತೋಷದಿಂದ ಒಪ್ಪಿರುತ್ತಾರೆ. ಸೂಚಿಸಿದವರು, ಶ್ರೀಮತಿ ಗಂಗಾಮಣಿ, ಕುಟುಂಬ ಪ್ರತಿನಿಧಿ."

ಕೆಳಗೆ ಅವಳದೇ ಸಹಿ. ಬಾಲ ಎಳೆದು ಚುಕ್ಕಿ ಇಟ್ಟ ಚೆಂದದ ಸಹಿ. ಅವಳಿಗೆ ತನ್ನ ಕೈಯನ್ನೇ ಕಡಿದು ಹಾಕಬೇಕೆನಿಸಿತು. ಆಳುಗಳ ಲೈನಿನ ಮುದುಕಿಯರ ಚೀಲಕ್ಕೆಲ್ಲ ತಳದವರೆಗೆ ಕೈ ಹಾಕಿ, ನಾಲ್ಕು ಹಸಿರು ಕಾಯಿ ಸಿಕ್ಕರೆ ಊರೆಲ್ಲ ಕೇಳುವ ಹಾಗೆ ಬೈದವಳು. ಒಡಹುಟ್ಟಿದವನ ವಿಷಯದಲ್ಲಿ ಚೀಲದ ಬಾಯಿಯನ್ನೂ ನೋಡಿರಲಿಲ್ಲ. ಇಡ್ಲಿಗೆ, ಕುರ್ಚಿಗೆ, 'ಬನ್ನಿ ಗಂಗಾಮಣಿ' ಎನ್ನುವ ಒಂದು ಮಾತಿಗೆ ಅವನನ್ನು ಮರ ಹತ್ತಿಸಿದ್ದಳು.

"ಈ ಹೂಂಗೆ ಬೆಲೆ ಐತಾ ಬಸವರಾಜು?" ಎಂದಳು. "ಅದೂ ಇದೇ ಬಾಯಿಂದ ಬಂದದ್ದು. ನಿಮಗೆ ಬೇಕಾದಾಗ ಒಪ್ಪಿಗೆ, ಬ್ಯಾಡದಾಗ ಹುಚ್ಚು. ಯಾವುದಾದ್ರೂ ಒಂದು ಹೇಳಿ."

ಬಸವರಾಜು ಗೌಡರ ಮುಖ ನೋಡಿದ.

"ಶಿವಯ್ಯ, ಯೋಗಾನಂದ ಗೌಡ್ರು ಏಣಿ ಹತ್ಲೇನೋ?"

"ಹೂಂ."

"ವಕೀಲ್ರು?"

"ಹೂಂ."

"ಮೌಖಿಕ ಒಪ್ಪಿಗೆ ಆಯ್ತು. ಏಳಿ. ಹಗ್ಗ ಅವನ ಸೊಂಟದಲ್ಲೇ ಐತೆ."

ತೋಟಪ್ಪ ವಕೀಲರು ತಟ್ಟೆ ಪಕ್ಕಕ್ಕಿಟ್ಟರು. ಗೌಡರ ಕಿವಿ ಕೆಂಪಾಯಿತು. "ನಾಲಿಗೆ ಹಿಡಿತದಲ್ಲಿರ್ಲಿ ಮಾರಾಯ್ತಿ. ಜಾಗ ಕೊಟ್ಟೋನು ನಾನು. ನಿಮ್ಮ ತಮ್ಮ ತಿನ್ನೋ ಅನ್ನಕ್ಕೆ ದಾರಿ ಮಾಡ್ದೋನು ನಾನು. ದಿನವೆಲ್ಲ ಗೋಡೆ ನೋಡ್ಕಂಡು ಕೂತಿದ್ರೆ ಈ ಜನ ಹಾಳಾಗ್ತಾರೆ. ಕೆಲಸ ಮಾಡಿದ್ರೆ ಅವರಿಗೂ ಒಂದು ಮರ್ಯಾದೆ."

"ಕೆಲಸ ಬ್ಯಾಡ ಅಂದೋರ್ಯಾರು ಗೌಡ್ರೆ? ಮನೇಲಿ ಸೌದೆ ಒಡೀತಿದ್ದ, ದನ ಕಾಯ್ತಿದ್ದ. ಬ್ಯಾಡದಿದ್ರೆ ಬುಟ್ಟು ಬರ್ತಿದ್ದ. ಇಲ್ಲಿ ಬ್ಯಾಡ ಅನ್ನಕ್ಕೆ ಅವನಿಗೆ ದಾರಿ ಎಲ್ಲೈತೆ? ಏಣಿ ಹತ್ತೋ ಆಳು ಸಿಗ್ತಿಲ್ಲ ಅಂತ ನಂಗೂ ಗೊತ್ತು. ನಾನೂ ರೈಟರ್ರೇ. ನಮ್ಮೆಸ್ಟೇಟಲ್ಲೂ ಅರ್ಧ ಮೆಣಸು ಮರದಲ್ಲೇ ಐತೆ. ಉದುರ್ಲಿ ಬುಡಿ. ಆಳುಗಳು ಬುದ್ಧಿ ಇದ್ದು ಹತ್ತಕ್ಕಿಲ್ಲ ಅಂದ ಮರಕ್ಕೆ, ಬುದ್ಧಿ ಇಲ್ಲ ಅಂತ ಇವನನ್ನ ಹತ್ತಿಸಿದ್ರಲ್ಲ, ಅದು ಉದ್ಯೋಗ ಚಿಕಿತ್ಸೆನಾ? ಕಾಯೋ ಬೇಲಿನೇ ಹೊಲ ಮೇಯ್ದಂಗಾಯ್ತು. ಅದರಲ್ಲಿ ನಾನೂ ಒಂದು ಗೂಟ."

ಒಳಗೆ ಕುಕ್ಕರು ಕೂಗಿತು. ಆಮೇಲೆ ತೋಟಪ್ಪ ವಕೀಲರು ಗಂಟಲು ಸರಿಮಾಡಿಕೊಂಡರು. ರಾಜಿ ಮಾಡಿಸಿ ಮಾಡಿಸಿ ನಯವಾದ ದನಿ ಅವರದು. "ಹಿಂಗ್ ಮಾಡೋಣಮ್ಮ. ಶಿವಯ್ಯನಿಗೆ ಪಿಟ್ಸ್ ಇರೋದ್ರಿಂದ ಅವನೊಬ್ಬನಿಗೆ ವಿನಾಯಿತಿ ಕೊಟ್ಬಿಡೋಣ. ನಿಲಯದಲ್ಲೇ ಇರ್ಲಿ, ಟಿ.ವಿ. ನೋಡ್ಲಿ. ಉಳಿದವರದ್ದು ಅವರವರ ಮನೆಯವರು ಬಂದ್ರೆ ನೋಡೋಣ. ಸಹಿ ಹಾಕಿ, ಬಸವರಾಜು ಆಮೇಲೆ ಬರ್ಕೊತಾರೆ."

ಒಂದು ಗಳಿಗೆ ಗಂಗಾಮಣಿಯ ಮನಸ್ಸು ಆಗಲಿ ಎಂದಿತು. ಅವಳು ಬಂದದ್ದು ತಮ್ಮನಿಗಾಗಿ. ನಾಳೆ ಬೆಳಗ್ಗೆ ಹಾಜರಿಗೆ ಹೋಗಬೇಕು. ಅವನನ್ನು ಮನೆಗೆ ಕರೆದೊಯ್ದರೆ ನೋಡುವವರಿಲ್ಲ. ಒಪ್ಪಿಕೊಂಡರೆ ಅವನು ನೆಲದ ಮೇಲಿರುತ್ತಾನೆ. ಸಾಕಲ್ಲವೇ? ಆದರೆ ಕೆಳಗಿನ ಬ್ಲಾಕಿನಲ್ಲಿ ಈಗ, ಈ ಇಡ್ಲಿ ಆರುವ ಹೊತ್ತಿನಲ್ಲಿ, ನವೀನ್‌ಕುಮಾರ್ ಮರದ ಮೇಲಿದ್ದ. ಅವನ ತಾಯಿ ಹೆಗ್ಗದ್ದೆಯಿಂದ ವರ್ಷಕ್ಕೆರಡು ಸಲ ಬರುವವಳು. ಬಂದಾಗ ಈ ಗೌಡರ ಕಾಲಿಗೆ ಬಿದ್ದು ಹೋಗುವವಳು. ಅವಳ ಪರವಾಗಿ ಕೂತವಳು ಯಾರು? ಗಂಗಾಮಣಿಯೇ.

ಅವಳು ಕುರ್ಚಿ ಎಳೆದು ಕೂತಳು. ಪೆನ್ನು ತೆಗೆದುಕೊಂಡಳು. ಗೌಡರು ನಿಟ್ಟುಸಿರು ಬಿಟ್ಟು ಕಾಫಿ ತರಲು ಕೂಗಿದರು. ಬಸವರಾಜು ಮತ್ತೆ ಇಡ್ಲಿ ಎತ್ತಿಕೊಂಡ. ಪುಟದ ತಳದಲ್ಲಿ ನಾಲ್ವರ ಸಹಿ ಸಾಲಾಗಿ ಬಿದ್ದಿತ್ತು, ದಿನಾಂಕದ ಸಮೇತ. ಮೇಲೆ ಮುಕ್ಕಾಲು ಪುಟ ಬೆಳ್ಳಗೆ, ಯಾರು ಏನು ಬೇಕಾದರೂ ಬರೆಯಬಹುದಾದ ಹಾಗೆ, ಎರಡು ವರ್ಷದಿಂದ ಹೇಗಿತ್ತೋ ಹಾಗೇ ಇತ್ತು.

ಗಂಗಾಮಣಿ ಮೇಲಿನ ಗೆರೆಯಿಂದ ಶುರುಮಾಡಿದಳು. ಹನ್ನೊಂದು ವರ್ಷ ಹಾಜರಿ ಬರೆದ ಕೈ. ಅಕ್ಷರ ದಪ್ಪ, ವೇಗ ಜಾಸ್ತಿ, ನಡುವೆ ಒಂದು ಪದ ತುರುಕುವ ಸಂದೂ ಬಿಡುವುದಿಲ್ಲ. ಕಾಫಿ ಬಂತು. ಅವಳು ಬರೆಯುತ್ತಲೇ ಇದ್ದಳು. ಸಹಿ ಇಷ್ಟುದ್ದ ಇರುವುದಿಲ್ಲ ಎಂದು ಮೊದಲು ಹೊಳೆದದ್ದು ವಕೀಲರಿಗೆ.

"ಏನಮ್ಮ ಬರೀತಿದೀಯಾ?"

"ತೀರ್ಮಾನ." ಕೊನೆಯ ಗೆರೆ ಮುಗಿಸಿ, ತನ್ನ ಹೆಸರಿನ ಎದುರು ಸಹಿ ಹಾಕಿ, ಎದ್ದು ನಿಂತು ಓದಿದಳು. "ನಿವಾಸಿ ಶಿವಯ್ಯನ ಹೂಂಗೆ ಬೆಲೆ ಇಲ್ಲವೆಂದು ಮ್ಯಾನೇಜರ್ ಬಸವರಾಜು ಅವರು ಈ ಸಭೆಯಲ್ಲಿ ತಾವೇ ತಿಳಿಸಿರುತ್ತಾರೆ. ಆದ್ದರಿಂದ ಹಿಂದಿನ ಸಭೆಯಲ್ಲಿ ಅವನ ಹೂಂ ಅನ್ನು ಒಪ್ಪಿಗೆ ಎಂದು ಬರೆದದ್ದು ಸುಳ್ಳು. ಇವತ್ತು ಬೆಳಗ್ಗೆ ಎಂಟೂವರೆಗೆ ಪಿಟ್ಸ್ ಇರುವ ಶಿವಯ್ಯನನ್ನು ಇಪ್ಪತ್ತಡಿ ಏಣಿಯ ಮೇಲೆ ಕಂಡಿದ್ದೇನೆ. ಹಣೆಯ ಗಾಯ ಬಚ್ಚಲಲ್ಲಿ ಆದದ್ದಲ್ಲ. ತೋಟದ ಮಾಲೀಕರೇ ಸಮಿತಿಯ ಅಧ್ಯಕ್ಷರಾಗಿರುವುದು ತಪ್ಪು. ಇಂದಿನಿಂದ ಯಾರನ್ನೂ ಏಣಿ ಹತ್ತಿಸಕೂಡದು ಎಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಓದದೆ ಸಹಿ ಹಾಕಿ ಇದಕ್ಕೆ ದಾರಿ ಮಾಡಿದವಳು ಗಂಗಾಮಣಿ."

"ಇದು ನಡಿಯಕ್ಕಿಲ್ಲ," ಎಂದರು ಗೌಡರು. "ನಾನು ಒಪ್ಪಿಲ್ಲ."

"ಸಹಿ ಐತಲ್ಲ ಗೌಡ್ರೆ. ಸಹಿ ಮೊದ್ಲು, ಬರೆಯಾದು ಆಮೇಲೆ. ಪದ್ಧತಿ ನಿಮ್ಮದೇ. ಇದು ಸುಳ್ಳು ಅನ್ನಂಗಿದ್ರೆ ಇದರ ಹಿಂದಿನ ಎಂಟೂ ಸುಳ್ಳು."

ಬಸವರಾಜು ಪುಸ್ತಕಕ್ಕೆ ಕೈ ಹಾಕಿದ. ಅವಳು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವನ ಕಣ್ಣನ್ನೇ ನೋಡಿದಳು. ಅವನು ಕೈ ಹಿಂದಕ್ಕೆಳೆದುಕೊಂಡ. "ಇದು ಹಾಸನಕ್ಕೆ ಹೋಗ್ತದೆ, ಜಿಲ್ಲಾ ಕಚೇರಿಗೆ," ಎಂದಳು. "ನಾನೇ ತಗೊಂಡು ಹೋಗ್ತೀನಿ. ಈಗ ನವೀನ್‌ಕುಮಾರ್‌ನ ಇಳಿಸಿ. ಎಷ್ಟು ಸಲ ಹೇಳ್ಬೇಕು."

"ಯಾರೂ ಹೋಗ್ಬೇಡಿ," ಎಂದರು ಗೌಡರು. "ಇದು ನನ್ನ ತೋಟ. ಯಾರು ಯಾವಾಗ ಇಳೀಬೇಕು ಅಂತ ಈಕೆ ಹೇಳೋದಲ್ಲ. ಚೀಲ ತುಂಬಿದ ಮೇಲೆ ಅವನೇ ಇಳೀತಾನೆ."

ಬಸವರಾಜು ನಿಂತಲ್ಲೇ ನಿಂತ. ವಕೀಲರು ಕಾಫಿ ಲೋಟದೊಳಗೆ ನೋಡಿಕೊಂಡರು. ಕೈಯಲ್ಲಿ ಪುಸ್ತಕವಿದ್ದೂ, ಅದರಲ್ಲಿ ಅಷ್ಟು ಸಹಿಯಿದ್ದೂ, ಒಬ್ಬ ಮನುಷ್ಯನನ್ನು ಒಂದು ಮರದಿಂದ ಇಳಿಸಲು ಆಗುತ್ತಿಲ್ಲವಲ್ಲ ಎಂದು ಗಂಗಾಮಣಿಗೆ ಮೈಯೆಲ್ಲ ಉರಿಯಿತು. ತಾನೇ ಹೋಗೋಣವೆಂದು ತಿರುಗಿದಳು. ಶಿವಯ್ಯ ಪಕ್ಕದಲ್ಲಿರಲಿಲ್ಲ. ಮೇಜಿನ ಮೇಲಿದ್ದ ಕಡುಬಿನ ಡಬ್ಬಿಯೂ ಇರಲಿಲ್ಲ.

ಅವಳು ಓಡಿದಳು. ಹಿಂದೆ ಬಸವರಾಜು, ಅವನ ಹಿಂದೆ ಪಂಚೆ ಎತ್ತಿಕೊಂಡು ಗೌಡರೂ ಬಂದರು. ಕೆಳಗಿನ ಬ್ಲಾಕಿನ ತಗ್ಗಿನಲ್ಲಿ, ಮಂಜುಶ್ರೀ ಹಿಡಿದಿದ್ದ ಏಣಿಯಿಂದ ಸ್ವಲ್ಪ ದೂರದಲ್ಲಿ ಶಿವಯ್ಯ ನಿಂತಿದ್ದ. ಸೊಂಟದ ಹಗ್ಗ ಹಿಂದೆ ನೆಲದಲ್ಲಿ ಎಳೆದಾಡುತ್ತಿತ್ತು. ಡಬ್ಬಿ ಕಾಲ ಬಳಿ ತೆರೆದು ಬಿದ್ದಿತ್ತು. ಒಂದು ಕೈಯಲ್ಲಿ ಉಳಿಸಿಟ್ಟಿದ್ದ ಐದನೆಯ ಕಡುಬು. ಇನ್ನೊಂದರಲ್ಲಿ ತನ್ನ ಚೀಲದಿಂದ ತೆಗೆದ ಒಂದು ಮೆಣಸಿನ ಗೊಂಚಲು. ಎರಡು ಕೈಯನ್ನೂ ಮೇಲಕ್ಕೆ ಚಾಚಿಕೊಂಡು, ಏನೂ ಮಾತಾಡದೆ, ಮೇಲಿದ್ದವನು ನೋಡುವುದನ್ನು ಕಾಯುತ್ತಿದ್ದ.

ಬಸವರಾಜು ಬಾಯಿ ತೆರೆದ. ಗಂಗಾಮಣಿ ಅವನ ತೋಳು ಹಿಡಿದಳು, ಮೂಳೆ ನೋಯುವಷ್ಟು ಬಿಗಿಯಾಗಿ.

"ಸುಮ್ನಿರಿ," ಎಂದಳು. "ಒಪ್ಪಿಗೆ ಕೇಳೋದು ಹೆಂಗೆ ಅಂತ ನೋಡ್ಕಳಿ."

ನವೀನ್‌ಕುಮಾರ್ ಕೆಳಗೆ ನೋಡಿದ. ಅರ್ಧ ತುಂಬಿದ ತನ್ನ ಚೀಲವನ್ನು ನೋಡಿಕೊಂಡ, ಬಸವರಾಜುವನ್ನು ನೋಡಿದ, ಮತ್ತೆ ಶಿವಯ್ಯನ ಎರಡು ಕೈ ನೋಡಿದ. ಎಲ್ಲರೂ ಕತ್ತೆತ್ತಿ ನಿಂತಿದ್ದರು. ಅವನು ಮರದಿಂದ ಹಗ್ಗ ಬಿಚ್ಚಿ ಒಂದು ಕಾಲನ್ನು ಕೆಳಗಿನ ಗೆಣ್ಣಿಗೆ ಇಟ್ಟ.